ಶಿವಾಜಿನಗರದ ಸಂತ ಮೇರಿ ಬೆಸಿಲಿಕಾ: ಯಾವಾಗ ಹೋಗಬೇಕು, ಏನನ್ನು ನಿಧಾನವಾಗಿ ನೋಡಬೇಕು

ಬೆಂಗಳೂರಿನ ಹಳೆಯ ಕಥೋಲಿಕ ದೇವಾಲಯಗಳಲ್ಲಿ ಒಂದನ್ನು ಮಾತ್ರ ನೋಡಲು ಬಿಡುವಿದ್ದರೆ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾಗೆ ಹೋಗಿ. ಆದರೆ ಭಾನುವಾರ ಬೇಡ, ಕಾರು ಬೇಡ, ಕಾಲು ಗಂಟೆಯಲ್ಲಿ ನೋಡಿ ಮುಗಿಸುವ ಅವಸರವೂ ಬೇಡ. ವಾರದ ನಡುವಿನ ಒಂದು ದಿನ, ಬೆಳಗಿನ ಪೂಜೆಗಳು ಮುಗಿದ ಮೇಲೆ, ಸುಮಾರು ಹತ್ತು ಗಂಟೆಗೆ ಒಳಗೆ ಕಾಲಿಟ್ಟರೆ ಬೆಂಚಿನಲ್ಲಿ ಜಾಗ ಸಿಗುತ್ತದೆ, ಬಣ್ಣದ ಗಾಜಿಗೆ ಬೆಳಕು ಬಂದಿರುತ್ತದೆ, ಪ್ರಾರ್ಥನೆಗೆ ಬಂದವರಿಗೆ ನಮ್ಮಿಂದ ತೊಂದರೆಯೂ ಆಗುವುದಿಲ್ಲ. ಒಂದೂವರೆ ಗಂಟೆ ಇಟ್ಟುಕೊಳ್ಳಿ. ಪ್ರವೇಶಕ್ಕೆ ದುಡ್ಡಿಲ್ಲ, ಯಾವ ಧರ್ಮದವರೂ ಹೋಗಬಹುದು.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳಬೇಕು. ಫೋನಿನಲ್ಲಿ ಕ್ಯಾಥೆಡ್ರಲ್ ಎಂದು ಹುಡುಕಿ ಎಂ.ಜಿ. ರಸ್ತೆಯ ಸೇಂಟ್ ಮಾರ್ಕ್ಸ್‌ಗೆ ಹೋಗಿ ನಿಲ್ಲುವವರು ಎಷ್ಟೋ ಮಂದಿ. ಅದು ಕ್ಯಾಥೆಡ್ರಲ್ ಹೌದು, ಆದರೆ ಕಥೋಲಿಕರದ್ದಲ್ಲ, ಪ್ರೊಟೆಸ್ಟೆಂಟರ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯದು. ಕಥೋಲಿಕ ಮಹಾಧರ್ಮಾಧ್ಯಕ್ಷರ (ಆರ್ಚ್ ಬಿಷಪ್) ಪೀಠವಿರುವ ಪ್ರಧಾನಾಲಯ, ಅಂದರೆ ಕ್ಯಾಥೆಡ್ರಲ್, ಕ್ಲೀವ್‌ಲ್ಯಾಂಡ್ ಟೌನಿನ ಸಂತ ಫ್ರಾನ್ಸಿಸ್ ಝೇವಿಯರ್ ದೇವಾಲಯ. ಶಿವಾಜಿನಗರದ್ದು ಪ್ರಧಾನಾಲಯವಲ್ಲ. ಅದಕ್ಕಿರುವುದು ಪೋಪ್ ಕೊಡುವ ಬೆಸಿಲಿಕಾ ಎಂಬ ಗೌರವ. ಆರನೇ ಪೌಲ್ ಪೋಪ್ ಆಗಿದ್ದಾಗ 1973ರಲ್ಲಿ ಆದೇಶ ಬಂತು, 1974ರ ಜನವರಿ 26ರಂದು ಇಲ್ಲಿ ವಿಧಿವತ್ತಾಗಿ ಘೋಷಣೆಯಾಯಿತು. ಕರ್ನಾಟಕದಲ್ಲಿ ಇದೇ ಮೊದಲನೆಯದು. ಕಾರ್ಕಳದ ಅತ್ತೂರಿನ ಸಂತ ಲಾರೆನ್ಸ್ ದೇವಾಲಯಕ್ಕೆ ಅದೇ ಗೌರವ ಸಿಕ್ಕಿದ್ದು 2016ರಲ್ಲಿ. ಬೆಸಿಲಿಕಾಗಳಿಗೆ ಕೆಲವು ಗುರುತುಗಳಿವೆ: ಅಡ್ಡಡ್ಡ ಇಟ್ಟ ಎರಡು ಬೀಗದಕೈಗಳ ಲಾಂಛನ, ಕೆಂಪು-ಹಳದಿ ಪಟ್ಟೆಯ ಅರೆಬಿಚ್ಚಿದ ಛತ್ರಿ, ಕೋಲಿಗೆ ಕಟ್ಟಿದ ಗಂಟೆ. ಯಾವ ಊರಿನ ಬೆಸಿಲಿಕಾಗೆ ಹೋದರೂ ಇವನ್ನು ಹುಡುಕಿ ನೋಡಬಹುದು.

ಕಟ್ಟಡವನ್ನು ಕಂಟೋನ್ಮೆಂಟಿನ ಇಂಗ್ಲಿಷರ ಕೊಡುಗೆ ಎಂದುಕೊಂಡು ನೋಡಿದರೆ ಅರ್ಧ ತಪ್ಪಿಹೋಗುತ್ತದೆ. ದಂಡು ಬರುವುದಕ್ಕೂ ಮುಂಚೆ ತಮಿಳುನಾಡಿನ ಸೆಂಜಿ ಕಡೆಯಿಂದ ಬಂದ ತಮಿಳು ಕ್ರೈಸ್ತ ಕುಟುಂಬಗಳು ಇಲ್ಲಿ ನೆಲೆಸಿ, ಹುಲ್ಲಿನ ಮಾಡಿನ ಸಣ್ಣ ಗುಡಿ ಕಟ್ಟಿಕೊಂಡು ಕಾಣಿಕೆ ಮಾತೆ ಎಂದು ಮೇರಿಯನ್ನು ಕರೆದರು. 1803ರಲ್ಲಿ ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ ಇಲ್ಲಿ ಪುಟ್ಟ ಪ್ರಾರ್ಥನಾಲಯ ಕಟ್ಟಿ ಬಲಿಪೂಜೆ (ಮಾಸ್) ಅರ್ಪಿಸಿದರು. ಮೈಸೂರು ಸೀಮೆಯ ಜನ ದೊಡ್ಡಸ್ವಾಮಿಯವರು ಎಂದು ಕರೆದ, ಇಲ್ಲಿನವರ ಹಾಗೆಯೇ ಉಟ್ಟು ಉಂಡು ಬದುಕಿದ ದುಬುವಾ ಅವರೇ. 1813ರಲ್ಲಿ ಪುದುಚೇರಿಯಿಂದ ಬಂದ ಭಾರತೀಯ ಗುರು ಆಂಡ್ರೆಯಾಸ್ ಅದನ್ನು ಶಿಲುಬೆಯಾಕಾರಕ್ಕೆ ವಿಸ್ತರಿಸಿದರು. ಈಗ ಕಾಣುವ ಗಾಥಿಕ್ ಕಟ್ಟಡ ಫಾದರ್ ಕ್ಲೈನರ್ ಅವರ ಕಾಲದ್ದು. ಇದರ ಅಭಿಷೇಕ 1882ರ ಸೆಪ್ಟೆಂಬರ್ 8ರಂದು, ಬಿಷಪ್ ಕೊವಾಡು ಅವರ ಕೈಯಿಂದ ನಡೆಯಿತು. ಕ್ಲೈನರ್ ಮುಂದೆ 1890ರಲ್ಲಿ ಮೈಸೂರಿನ ಬಿಷಪ್ ಆದರು. ದುಬುವಾ, ಕ್ಲೈನರ್, ಕೊವಾಡು ಮೂವರೂ ಪ್ಯಾರಿಸ್ಸಿನ ವಿದೇಶ ಮಿಷನ್ ಸಂಸ್ಥೆಯಿಂದ ಬಂದವರು. ಬ್ರಿಟಿಷ್ ದಂಡಿನ ಪಕ್ಕದಲ್ಲಿ ಫ್ರೆಂಚ್ ಪಾದ್ರಿಗಳು ತಮಿಳು ಮಾತಾಡುವ ಭಕ್ತರಿಗಾಗಿ ಕಟ್ಟಿದ ದೇವಾಲಯವಿದು. ಕಂಟೋನ್ಮೆಂಟಿನ ಬೇರೆ ಚರ್ಚುಗಳಲ್ಲಿ ಗೋಡೆಯುದ್ದಕ್ಕೂ ಕರ್ನಲ್ಲು ಕ್ಯಾಪ್ಟನ್ನುಗಳ ಸ್ಮಾರಕ ಫಲಕಗಳೇ ಕಣ್ಣಿಗೆ ಬೀಳುತ್ತವೆ. ಇಲ್ಲಿನ ಗಾಳಿ ಬೇರೆಯಾಗಿರುವುದು ಈ ಹುಟ್ಟಿನಿಂದಲೇ.

ಹೊರಗಡೆ ಗೋಪುರವನ್ನು ನೋಡಲು ಬಾಗಿಲ ಬುಡದಲ್ಲಿ ನಿಂತು ಪ್ರಯೋಜನವಿಲ್ಲ. ಎತ್ತರ 160 ಅಡಿ. ಹತ್ತಿರದಿಂದ ಕತ್ತೆತ್ತಿದರೆ ಕೆಳಗಿನ ಅಂತಸ್ತೇ ಮೇಲಿನದನ್ನು ಮರೆಮಾಡುತ್ತದೆ, ಫೋನಿನ ಚಿತ್ರದಲ್ಲಿ ಶಿಖರ ಹಿಂದಕ್ಕೆ ವಾಲಿದಂತೆ ಬರುತ್ತದೆ. ಆವರಣದಲ್ಲಿ ಎಷ್ಟು ಹಿಂದಕ್ಕೆ ಸರಿಯಲು ಸಾಧ್ಯವೋ ಅಷ್ಟು ಸರಿದು, ಫೋನನ್ನು ನೆಟ್ಟಗೆ ಹಿಡಿಯಿರಿ. ಕೆಳಗಿನ ನೆಲ ಜಾಸ್ತಿ ಬಂದರೆ ಬರಲಿ, ಆಮೇಲೆ ಕತ್ತರಿಸಬಹುದು. ಮೊನಚು ಕಮಾನು, ಅದರ ಮೇಲೆ ಇನ್ನೊಂದು, ಆಮೇಲೆ ಶಿಖರ, ಹೀಗೆ ಕಣ್ಣನ್ನು ಮೇಲಕ್ಕೆ ಎಳೆದೊಯ್ಯುವುದೇ ಗಾಥಿಕ್ ಶೈಲಿಯ ಉದ್ದೇಶ. ಆ ಏರಿಕೆ ಒಂದೇ ನೋಟಕ್ಕೆ ಸಿಗುವ ಜಾಗ ಹುಡುಕಿಕೊಳ್ಳುವುದು ಹೊರಗಿನ ಕೆಲಸ, ಅಷ್ಟೆ.

ಒಳಗಿನದು ಹಾಗಲ್ಲ, ಕೂತು ನೋಡಬೇಕು. ಬಾಗಿಲು ದಾಟಿದ ತಕ್ಷಣ ನಡುವಿನ ದಾರಿಯಲ್ಲಿ ಬಲಿಪೀಠದವರೆಗೂ ನಡೆದುಬಿಡುವುದು ಎಲ್ಲರೂ ಮಾಡುವ ಕೆಲಸ. ಅದರ ಬದಲು ಪಕ್ಕದ ಸಾಲಿನಲ್ಲಿ, ಕಂಬಗಳ ಹಿಂದೆ ನಡೆಯಿರಿ. ಕಂಬಗಳ ತಲೆಯಲ್ಲಿ ಎಲೆ ಸುತ್ತಿಕೊಂಡಂಥ ಕೆತ್ತನೆ ಇದೆ. ಅದು ಕೊರಿಂಥಿಯನ್ ಮಾದರಿ, ಗ್ರೀಕ್-ರೋಮನ್ ವಾಸ್ತುವಿನದು. ಅದರ ಮೇಲೇಳುವ ಮೊನಚು ಕಮಾನು ಗಾಥಿಕ್. ಯೂರೋಪಿನ ಮಧ್ಯಯುಗದ ಗಾಥಿಕ್ ದೇವಾಲಯದಲ್ಲಿ ಇವೆರಡನ್ನೂ ಈ ರೀತಿ ಒಟ್ಟಿಗೆ ಕಾಣುವುದು ಕಷ್ಟ. ಹತ್ತೊಂಬತ್ತನೇ ಶತಮಾನದ ಕೊನೆಯ ಕಟ್ಟಡಗಾರರು ಹಿಂದಿನ ಶೈಲಿಗಳಲ್ಲಿ ಬೇಕಾದದ್ದನ್ನು ಆರಿಸಿಕೊಂಡು ಬೆರೆಸುತ್ತಿದ್ದರು. ಈ ಬೆರಕೆ ಇಲ್ಲಿ ಹೊಂದಿಕೊಂಡಿದೆ ಎಂಬುದೇ ನಮ್ಮ ಅಭಿಪ್ರಾಯ. ಕಂಬದ ತಲೆಯ ಕೆತ್ತನೆ ಅಷ್ಟು ಶ್ರೀಮಂತವಾಗಿರದಿದ್ದರೆ ಕಮಾನಿನ ಸಾಲು ಬರಿದಾಗಿ ಕಾಣುತ್ತಿತ್ತು.

ಬಣ್ಣದ ಗಾಜಿನ ಕಿಟಕಿಗಳಿಗೆ ಕಡಿಮೆಯೆಂದರೆ ಅರ್ಧ ಗಂಟೆ ಕೊಡಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಇವನ್ನು ಕಳಚಿ ಇಟ್ಟು, 1947ರಲ್ಲಿ ಮತ್ತೆ ಜೋಡಿಸಿದರು. ಕಳಚುವುದು ಸಾಧ್ಯವಾದದ್ದು ಅವುಗಳ ಕಟ್ಟೋಣದಿಂದ. ಇಂಥ ಕಿಟಕಿ ಒಂದೇ ಹಲಗೆಯಲ್ಲ. ನೂರಾರು ಗಾಜಿನ ತುಂಡುಗಳನ್ನು ಎರಡೂ ಅಂಚಿನಲ್ಲಿ ತೋಡು ಕೊರೆದ ಸೀಸದ ಪಟ್ಟಿಗಳಲ್ಲಿ ಕೂರಿಸಿ, ಪಟ್ಟಿಗಳು ಸೇರುವ ಕಡೆ ಬೆಸುಗೆ ಹಾಕಿ ಒಂದೊಂದು ಚೌಕಟ್ಟು ಮಾಡಿರುತ್ತಾರೆ. ಅಂಥ ಚೌಕಟ್ಟುಗಳನ್ನು ಒಂದರ ಮೇಲೊಂದು ನಿಲ್ಲಿಸಿ, ಅಡ್ಡ ಕಬ್ಬಿಣದ ಸರಳುಗಳಿಗೆ ಕಟ್ಟಿದರೆ ಕಿಟಕಿ. ಬಹಳ ಜನ ಗಾಜಿನ ಮೇಲೆ ಬಣ್ಣ ಬಳಿದಿದ್ದಾರೆ ಎಂದುಕೊಳ್ಳುತ್ತಾರೆ. ಬಣ್ಣ ಇರುವುದು ಗಾಜಿನ ಒಳಗೇ. ಕರಗಿದ ಗಾಜಿಗೆ ಕೋಬಾಲ್ಟ್ ಬೆರೆಸಿದರೆ ನೀಲಿ, ತಾಮ್ರ ಅಥವಾ ಚಿನ್ನ ಸೇರಿಸಿದರೆ ಕೆಂಪು. ಮುಖದ ಗೆರೆ, ಬಟ್ಟೆಯ ಮಡಿಕೆ, ಬೆರಳುಗಳನ್ನು ಮಾತ್ರ ಕಪ್ಪು-ಕಂದು ಬಣ್ಣದಲ್ಲಿ ಬರೆದು ಕುಲುಮೆಯಲ್ಲಿ ಸುಟ್ಟು ಅಂಟಿಸುತ್ತಾರೆ. ಹಾಗಾಗಿ ಹಳೆಯ ಕಿಟಕಿಗಳಲ್ಲಿ ಕೆಂಪು ನೀಲಿಗಳು ಮಾಸುವುದಿಲ್ಲ, ಮಾಸಿದರೆ ಮುಖಗಳು ಮೊದಲು ಮಾಸುತ್ತವೆ. ಇನ್ನೊಂದು ತೊಂದರೆ ಸೀಸದ್ದು. ಅದು ಮೆತ್ತನೆಯ ಲೋಹ. ವರ್ಷಗಟ್ಟಲೆ ಬಿಸಿಲಿಗೆ ಹಿಗ್ಗಿ ಕುಗ್ಗಿ, ತನ್ನ ಭಾರಕ್ಕೆ ತಾನೇ ಕುಸಿದು, ಚೌಕಟ್ಟು ಹೊಟ್ಟೆ ಬಿಡುತ್ತದೆ. ಹಳೆಯ ಬಣ್ಣದ ಗಾಜನ್ನು ಓರೆಯಾಗಿ, ಗೋಡೆಗೆ ಹತ್ತಿರ ನಿಂತು ನೋಡಿದರೆ ಆ ಉಬ್ಬು ಗೊತ್ತಾಗುತ್ತದೆ. ಮುಟ್ಟಿ ಪರೀಕ್ಷಿಸಬೇಡಿ.

ಗಾಜು ಮಾತಾಡುವುದು ಹಗಲಲ್ಲಿ, ಒಳಗಡೆಯಿಂದ ಮಾತ್ರ. ಬೆಳಗ್ಗೆ ಒಂದು ಬದಿ ಹೊಳೆಯುತ್ತದೆ, ಸಂಜೆ ಇನ್ನೊಂದು ಬದಿ. ಎರಡೂ ಬೇಕೆಂದರೆ ಎರಡು ಹೊತ್ತು ಬರಬೇಕು. ಸಂಜೆ ಆರೂವರೆ ಮೇಲೆ ಬಂದವರಿಗೆ ಕಪ್ಪು ಹಲಗೆಗಳೇ ಕಾಣುವುದು. ಫೋನಿನಲ್ಲಿ ತೆಗೆಯುವಾಗ ಎಲ್ಲರದ್ದೂ ಒಂದೇ ದೂರು: ಗಾಜು ಬೆಳ್ಳಗೆ ಸುಟ್ಟುಹೋಗಿ ಬರುತ್ತದೆ. ಸುತ್ತಲಿನ ಕತ್ತಲೆ ಗೋಡೆಗೆ ಹೊಂದಿಸಿಕೊಂಡು ಕ್ಯಾಮೆರಾ ಬೆಳಕು ಹೆಚ್ಚಿಸುವುದೇ ಕಾರಣ. ಪರದೆಯಲ್ಲಿ ಗಾಜಿನ ಮೇಲೆಯೇ ಬೆರಳೊತ್ತಿ ಹಿಡಿದು, ಬೆಳಕಿನ ಗುರುತನ್ನು ಕೆಳಗೆಳೆಯಿರಿ. ಗೋಡೆ ಕಪ್ಪಾದರೂ ಪರವಾಗಿಲ್ಲ, ಬಣ್ಣ ಉಳಿಯುತ್ತದೆ. ಫ್ಲ್ಯಾಶ್ ಹಾಕಿದರೆ ಗಾಜಿಗೇನೂ ಸಿಗದು, ಪ್ರಾರ್ಥನೆ ಮಾಡುತ್ತಿರುವವರಿಗೆ ಕಿರಿಕಿರಿ. ಪೂಜೆಯ ಹೊತ್ತಿನಲ್ಲಿ ಫೋನು ಜೇಬಿನಲ್ಲಿರಲಿ. ಟ್ರೈಪಾಡು, ದೊಡ್ಡ ಕ್ಯಾಮೆರಾ, ಮದುವೆ ಪೂರ್ವದ ಚಿತ್ರೀಕರಣ ಎಂದರೆ ಮೊದಲೇ ಕಚೇರಿಯಲ್ಲಿ ಕೇಳಿಕೊಳ್ಳಬೇಕು.

ಇಷ್ಟಾದರೂ ಇಲ್ಲಿಗೆ ಬರುವ ಹೆಚ್ಚಿನವರು ಬರುವುದು ಕಟ್ಟಡಕ್ಕಲ್ಲ, ಅಮ್ಮನಿಗೆ. ಬಾಲ ಯೇಸುವನ್ನು ಎತ್ತಿಕೊಂಡ ಆರಡಿ ಎತ್ತರದ ಮೇರಿ ಮಾತೆಗೆ ಇಲ್ಲಿ ಸೀರೆ ಉಡಿಸುತ್ತಾರೆ. ನೆರಿಗೆ ಅಗಲವಾಗಿ ಹರಡಿ, ಸೆರಗು ಇಳಿಬಿಟ್ಟು, ಮೇಲೆ ಹಾರ ಹಾಕಿದಾಗ ಕಾಣುವುದು ತಾಯಿ ಮಗುವಿನ ಮುಖಗಳು ಮತ್ತು ಜರಿಯ ಅಂಚು. ಫ್ರಾನ್ಸಿನ ಗಾಥಿಕ್ ಕಮಾನು ಇರುವ ಜಾಗದಲ್ಲಿ ರೇಷ್ಮೆ ಸೀರೆ ಉಟ್ಟ ತಾಯಿ, ಮುಂದೆ ಮಲ್ಲಿಗೆ ಸೇವಂತಿಗೆ ಹಾರ, ಎದುರಿಗೆ ಬುರ್ಖಾ ತೊಟ್ಟ ಹೆಂಗಸೊಬ್ಬರು, ಕುಂಕುಮ ಇಟ್ಟ ಹೆಂಗಸೊಬ್ಬರು, ಕೈಯಲ್ಲಿ ಜಪಸರ ಹಿಡಿದ ಅಜ್ಜಿ. ಇದು ವಿಶೇಷ ದಿನದ ನೋಟವಲ್ಲ, ಯಾವ ವಾರದ ದಿನವೂ ಕಾಣುವಂಥದ್ದು. ಬೆಂಗಳೂರನ್ನು ತೋರಿಸಿ ಎಂದು ಹೊರಗಿನವರು ಕೇಳಿದರೆ ನಾವು ಮೊದಲು ಕರೆತರುವುದು ಇಲ್ಲಿಗೇ.

ಹರಕೆಯ ಸೀರೆ ಕೊಡುವವರು ಹೊಸದನ್ನೇ ತರಬೇಕು, ತಾವೇ ಹೊದಿಸಲು ಹೋಗದೆ ಅಲ್ಲಿ ಸೇವೆಯಲ್ಲಿರುವವರ ಕೈಗೆ ಕೊಡಬೇಕು. ಇಂಥದೇ ದಿನ ಉಡಿಸಿ ಎಂದು ಹಟ ಹಿಡಿಯಬಾರದು. ಕೊಡುವವರು ಬಹಳ ಜನ, ಅಮ್ಮ ಒಬ್ಬಳೇ. ಚಪ್ಪಲಿ ಬಿಡಲೇಬೇಕೆಂಬ ನಿಯಮ ಕಥೋಲಿಕ ದೇವಾಲಯಗಳಲ್ಲಿ ಸಾಮಾನ್ಯವಾಗಿ ಇಲ್ಲ, ಆದರೆ ನಮ್ಮ ಕಡೆಯ ಹೆಚ್ಚಿನ ಭಕ್ತರು ಮಾತೆಯ ಮುಂದೆ ಬರಿಗಾಲಲ್ಲೇ ನಿಲ್ಲುತ್ತಾರೆ. ಮುಂದಿರುವವರನ್ನು ನೋಡಿ ಹಾಗೇ ಮಾಡಿ. ಉಡುಪಿನ ವಿಷಯದಲ್ಲಿ ಹೆಗಲು, ಮೊಣಕಾಲು ಮುಚ್ಚಿದ್ದರೆ ಸಾಕು.

ಮೇಣದಬತ್ತಿ ಹಚ್ಚುವುದಕ್ಕೆ ಅದಕ್ಕೆಂದೇ ಇಟ್ಟ ಜಾಗಕ್ಕೆ ಹೋಗಿ. ಗೋಡೆಯಂಚು, ಕಂಬದ ಬುಡ, ಮೆಟ್ಟಿಲು ಇಲ್ಲೆಲ್ಲ ಅಂಟಿಸಬೇಡಿ. ಮೇಣ ಕಲ್ಲಿಗೆ ಇಳಿದರೆ ತೆಗೆಯುವುದು ಕಷ್ಟ, ಮಸಿ ಗೋಡೆಗೆ ಹತ್ತಿದರೆ ಸುಣ್ಣದ ಮೇಲೆ ಕಲೆಯಾಗಿ ಉಳಿಯುತ್ತದೆ. ತೆಳ್ಳಗಿನ ಬತ್ತಿ ಕೊಳ್ಳುವವರಿಗೆ ಒಂದು ಮಾತು: ಪಕ್ಕದ ಉರಿಗಳ ಬಿಸಿಗೆ ಅದು ಹತ್ತಿಸುವ ಮುಂಚೆಯೇ ಬಗ್ಗುತ್ತದೆ. ಬುಡವನ್ನು ಒಂದು ಕ್ಷಣ ಕಾಸಿ, ಸ್ಟ್ಯಾಂಡಿನ ಅಂಚಿನ ಕಡೆ, ಬೇರೆ ಬತ್ತಿಗಳಿಂದ ನಾಲ್ಕು ಬೆರಳು ದೂರದಲ್ಲಿ ಒತ್ತಿ ಹಿಡಿದರೆ ನಿಲ್ಲುತ್ತದೆ. ನಡುವೆ ಕೈ ಚಾಚಬೇಡಿ. ಸೀರೆಯ ಸೆರಗು, ದುಪಟ್ಟಾ ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಮಕ್ಕಳ ಕೈಗೆ ಬತ್ತಿ ಕೊಟ್ಟು ಫೋಟೋಗೆ ನಿಲ್ಲಿಸುವುದು ಅಪಾಯ. ಜನ ಹೆಚ್ಚಿದ್ದಾಗ ಸೇವೆಯವರು ಅರ್ಧ ಉರಿದದ್ದನ್ನು ತೆಗೆದು ಜಾಗ ಮಾಡುತ್ತಾರೆ. ಅದಕ್ಕೆ ಮನಸ್ಸು ಕೆಡಿಸಿಕೊಳ್ಳಬೇಕಿಲ್ಲ, ಹಚ್ಚಿದ್ದು ಸಂದಿತು ಎಂಬುದೇ ಭಕ್ತರ ನಂಬಿಕೆ.

ಬಲಿಪೂಜೆಯಲ್ಲಿ ಕೂರುವ ಆಸೆಯಿದ್ದರೆ ಖಂಡಿತ ಕೂರಿ. ತಮಿಳು, ಕನ್ನಡ, ಇಂಗ್ಲಿಷ್ ಮೂರರಲ್ಲೂ ಪೂಜೆಗಳಿವೆ. ಯಾವ ಭಾಷೆಯದು ಎಷ್ಟು ಗಂಟೆಗೆ ಎಂಬುದನ್ನು ಅಲ್ಲಿನ ಫಲಕದಲ್ಲೇ ನೋಡಿಕೊಳ್ಳಿ, ಹಬ್ಬದಲ್ಲಿ ಮತ್ತು ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ ವೇಳೆ ಬದಲಾಗುತ್ತದೆ. ಭಾನುವಾರದ ಪೂಜೆ ಹೆಚ್ಚುಕಡಿಮೆ ಒಂದು ಗಂಟೆ, ವಾರದ ದಿನದ್ದು ಅದಕ್ಕಿಂತ ಚಿಕ್ಕದು. ಮೊದಲ ಸಲ ಬಂದವರು ಹಿಂದಿನ ಸಾಲುಗಳಲ್ಲಿ, ಬೆಂಚಿನ ತುದಿ ಬಿಟ್ಟು ಒಳಗಡೆ ಕೂರುವುದು ಮೇಲು. ಎದ್ದು ನಿಲ್ಲುವುದು, ಕೂರುವುದು, ಮೊಣಕಾಲೂರುವುದು ಯಾವಾಗ ಎಂದು ಮುಂದಿನವರನ್ನು ನೋಡಿ ತಿಳಿಯುತ್ತದೆ. ಪರಮಪ್ರಸಾದಕ್ಕೆ, ಅಂದರೆ ಪೂಜೆಯಲ್ಲಿ ಅರ್ಪಿಸಿ ಕೊಡುವ ರೊಟ್ಟಿಗೆ, ಸಾಲು ಹೊರಟಾಗ ತುದಿಯಲ್ಲಿ ಕೂತವರು ಎದ್ದು ದಾರಿ ಬಿಡಬೇಕಾಗುತ್ತದೆ, ಆ ಗಡಿಬಿಡಿಯಲ್ಲಿ ತಾವೂ ಸಾಲಿನಲ್ಲಿ ಸೇರಿಬಿಡುವವರಿದ್ದಾರೆ. ಪರಮಪ್ರಸಾದ ಕಥೋಲಿಕರಿಗೆ ಮಾತ್ರ. ದೇವಸ್ಥಾನದ ಪ್ರಸಾದದ ಹಾಗೆ ಬಂದವರೆಲ್ಲ ಕೈ ಚಾಚುವಂಥದ್ದಲ್ಲ. ತಿಳಿಯದೆ ಕೈಗೆ ತೆಗೆದುಕೊಂಡುಬಿಟ್ಟರೆ ಜೇಬಿಗೆ ಹಾಕಿಕೊಳ್ಳಬೇಡಿ, ಅಲ್ಲೇ ಗುರುಗಳಿಗೆ ಹಿಂದಿರುಗಿಸಿ. ಬೆಂಚಿನ ಕೆಳಗಿರುವ ಉದ್ದದ ಹಲಗೆ ಮೊಣಕಾಲೂರುವುದಕ್ಕೆ, ಕಾಲಿಡುವುದಕ್ಕಲ್ಲ. ಬಲಿಪೀಠದ ಕಡೆ ಉರಿಯುವ ಕೆಂಪು ದೀಪ ಕಂಡರೆ ಪರಮಪ್ರಸಾದ ಅಲ್ಲಿದೆ ಎಂದರ್ಥ. ಆ ಭಾಗಕ್ಕೆ ಹತ್ತಬೇಡಿ, ಬೆನ್ನು ತಿರುಗಿಸಿ ಸೆಲ್ಫಿಯನ್ನೂ ತೆಗೆಯಬೇಡಿ.

ಧ್ವನಿಯ ಬಗ್ಗೆ ಹೇಳಲೇಬೇಕು. ಎತ್ತರದ ಮಾಡು, ಗಟ್ಟಿ ಗೋಡೆ ಇರುವ ಕಡೆ ಹಾಡು ತುಂಬಿಕೊಂಡು ಬರುತ್ತದೆ, ಮಾತು ಕಲಸಿಹೋಗುತ್ತದೆ. ಒಂದು ಪದದ ಪ್ರತಿಧ್ವನಿ ಇಳಿಯುವ ಮುಂಚೆ ಇನ್ನೊಂದು ಪದ ಮೇಲೆ ಬೀಳುತ್ತದೆ. ಪ್ರಬೋಧನೆ ಅರ್ಥವಾಗಬೇಕಾದರೆ ಸ್ಪೀಕರಿಗೆ ಹತ್ತಿರ ಕೂರಿ, ಹಾಡಿಗಷ್ಟೇ ಬಂದಿದ್ದರೆ ನಡುವೆ ಕೂರಿ. ಹೊರಗಿನ ಹಾರನ್ನು, ಮಾರುಕಟ್ಟೆಯ ಗದ್ದಲ ಸ್ವಲ್ಪ ಕೇಳಿಸಿಯೇ ಕೇಳಿಸುತ್ತದೆ. ಸಂಪೂರ್ಣ ಮೌನ ಬೇಕೆನ್ನುವವರಿಗೆ ಇದು ಸರಿಯಾದ ಜಾಗವಲ್ಲ.

ಬರುವ ದಾರಿ ಸುಲಭ. ಬಿ.ಎಂ.ಟಿ.ಸಿ.ಯ ಶಿವಾಜಿನಗರ ನಿಲ್ದಾಣಕ್ಕೆ ನಗರದ ಎಲ್ಲ ದಿಕ್ಕಿನಿಂದ ಬಸ್ಸಿದೆ. ಅಲ್ಲಿಂದ ರಸೆಲ್ ಮಾರ್ಕೆಟ್ ಕಡೆ ಐದು-ಹತ್ತು ನಿಮಿಷ ನಡೆದರೆ ಗೋಪುರವೇ ದಾರಿ ತೋರಿಸುತ್ತದೆ. ಮೆಟ್ರೋದಲ್ಲಿ ಬರುವವರು ನೇರಳೆ ಮಾರ್ಗದ ಕಬ್ಬನ್ ಪಾರ್ಕ್ ಅಥವಾ ಎಂ.ಜಿ. ರಸ್ತೆಯಲ್ಲಿಳಿದು ಆಟೋ ಹಿಡಿಯಬಹುದು. ಗುಲಾಬಿ ಮಾರ್ಗದ ನೆಲದಡಿಯ ಶಿವಾಜಿನಗರ ನಿಲ್ದಾಣ ಬಸ್ ನಿಲ್ದಾಣದ ಹತ್ತಿರವೇ ಇರುವುದರಿಂದ, ಅಲ್ಲಿಗೆ ರೈಲು ಓಡುತ್ತಿದ್ದರೆ ಅದರಲ್ಲಿ ಬರುವವರಿಗೆ ಇನ್ನೂ ಹಗುರ. ಕಾರು ಬೇಡವೆಂದದ್ದು ಇದಕ್ಕೆ: ಇಲ್ಲಿನ ರಸ್ತೆಗಳು ಕಿರಿದು, ತಳ್ಳುಗಾಡಿ, ಸರಕಿನ ಆಟೋ, ನಡೆಯುವವರು ಎಲ್ಲರೂ ಅದೇ ರಸ್ತೆಯಲ್ಲಿ. ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ನೋಡುವ ಹೊತ್ತು ಕಳೆದಿರುತ್ತದೆ. ವಯಸ್ಸಾದವರನ್ನು ಕರೆತರುವವರು ಗೇಟಿನ ಮುಂದೆ ಆಟೋದಲ್ಲಿ ಇಳಿಸಿದರೆ ಸಾಕು. ವಾಪಸು ಹೋಗುವಾಗ 1927ರ ರಸೆಲ್ ಮಾರ್ಕೆಟ್ಟಿನ ಹೂವು-ಹಣ್ಣಿನ ಸಾಲು ನೋಡಿಕೊಂಡು ಹೋಗಿ.

ಭಾನುವಾರ ಬೇಡ ಎಂದದ್ದು ಪೂಜೆಗಳು ಒಂದರ ಹಿಂದೊಂದು ಇರುವುದಕ್ಕೆ. ಒಂದು ಸಭೆ ಹೊರಗೆ ಬರುತ್ತಿರುವಾಗಲೇ ಇನ್ನೊಂದು ಒಳಗೆ ನುಗ್ಗುತ್ತದೆ, ನಡುವಿನ ಹತ್ತು ನಿಮಿಷದಲ್ಲಿ ಏನೂ ಕಾಣಿಸದು. ಶನಿವಾರ ಕಥೋಲಿಕರಿಗೆ ಮೇರಿಯ ದಿನ, ಜನ ಹೆಚ್ಚು. ವರ್ಷದಲ್ಲಿ ಪೂರ್ತಿ ಬೇರೆಯೇ ಲೆಕ್ಕಾಚಾರ ಬೇಕಾದದ್ದು ಆಗಸ್ಟ್ 29ರ ಧ್ವಜಾರೋಹಣದಿಂದ ಸೆಪ್ಟೆಂಬರ್ 8ರವರೆಗೆ. ಒಂಬತ್ತು ದಿನ ನವದಿನದ ಪ್ರಾರ್ಥನೆ, ಕೊನೆಗೆ ಮೇರಿಯ ಜನ್ಮದಿನದಂದು ತೇರು. ಕಾವಿ ಬಟ್ಟೆ ತೊಟ್ಟು ಹರಕೆ ಹೊತ್ತವರು ಲಕ್ಷಗಟ್ಟಲೆ ಬರುತ್ತಾರೆ. ಕರಾವಳಿಯವರು ಅದೇ ದಿನ ಹೊಸ ತೆನೆ ತಂದು ಮೊಂತಿ ಹಬ್ಬ ಮಾಡುತ್ತಾರೆ, ಬೆಂಗಳೂರಿನಲ್ಲಿರುವ ಮಂಗಳೂರಿನ ಕುಟುಂಬಗಳಿಗೆ ಎರಡು ಸಂಭ್ರಮ. 8ರ ಸಂಜೆ ತೇರು ಹೊರಡುವಾಗ ಸುತ್ತಲಿನ ರಸ್ತೆಗಳಲ್ಲಿ ವಾಹನ ಬಿಡುವುದಿಲ್ಲ. ಹಬ್ಬದ ಸಡಗರವೂ ಬೇಕು, ನೂಕುನುಗ್ಗಲು ಆಗದು ಎನ್ನುವವರು 30 ಅಥವಾ 31ರ ಬೆಳಗ್ಗೆ ಬನ್ನಿ. ಅಲಂಕಾರ ಆಗಿರುತ್ತದೆ, ಜನ ಇನ್ನೂ ತುಂಬಿರುವುದಿಲ್ಲ. ಅದು ಭಾನುವಾರ ಬಿದ್ದಿದ್ದರೆ ಒಂದು ದಿನ ಮುಂದೂಡಿ. ಶುಭ ಶುಕ್ರವಾರದಂದು ಮಾತ್ರ ನೋಡಲೆಂದು ಬರಬೇಡಿ. ಅವತ್ತು ಬಲಿಪೂಜೆಯೇ ಇಲ್ಲ, ಬಲಿಪೀಠದ ಮೇಲೆ ಬಟ್ಟೆಯೂ ಇರುವುದಿಲ್ಲ, ಗಂಟೆ ಬಾರಿಸುವುದಿಲ್ಲ. ದುಃಖದ ದಿನವದು, ಪ್ರವಾಸಿಗರ ಓಡಾಟ ಸರಿಯೆನಿಸದು.

ಯಾರ ಹೆಸರಿನಲ್ಲಾದರೂ ಪೂಜೆ ಹೇಳಿಸಬೇಕಾದರೆ ಕಚೇರಿಯಲ್ಲಿ ಹೆಸರು, ಉದ್ದೇಶ, ದಿನ, ಭಾಷೆ ಬರೆಸಿ ರಸೀದಿ ತೆಗೆದುಕೊಳ್ಳಿ. ಪುಣ್ಯಸ್ಮರಣೆಯಂಥ ನಿಗದಿತ ದಿನಕ್ಕಾದರೆ ಸಾಕಷ್ಟು ಮುಂಚೆಯೇ ಬರೆಸಿ, ಆ ದಿನ ಬೆಳಗ್ಗೆ ಬಂದು ಕೇಳಿದರೆ ಓದುವ ಪಟ್ಟಿ ಆಗಲೇ ಸಿದ್ಧವಾಗಿರುತ್ತದೆ. ಹೆಸರನ್ನು ದೊಡ್ಡ ಅಕ್ಷರದಲ್ಲಿ, ಪೂಜೆಯ ಭಾಷೆಯ ಲಿಪಿಯಲ್ಲೇ ಬರೆದುಕೊಟ್ಟರೆ ತಪ್ಪಾಗಿ ಓದುವುದು ತಪ್ಪುತ್ತದೆ.

ಅರ್ಧ ದಿನ ಕೈಯಲ್ಲಿದ್ದರೆ ಇಲ್ಲಿಂದ ಆಟೋದಲ್ಲಿ ಕ್ಲೀವ್‌ಲ್ಯಾಂಡ್ ಟೌನಿನ ಪ್ರಧಾನಾಲಯಕ್ಕೆ ಹೋಗಿ. 1851ರ ಹಳೆಯ ದೇವಾಲಯದ ಜಾಗದಲ್ಲಿ 1911ರಲ್ಲಿ ಶುರುವಾಗಿ 1932ರಲ್ಲಿ ಮುಗಿದ ಬೂದುಗಲ್ಲಿನ ಭಾರೀ ಕಟ್ಟಡ. ಬೆಂಗಳೂರು ಧರ್ಮಕ್ಷೇತ್ರ (ಒಬ್ಬ ಬಿಷಪ್ಪರ ಆಡಳಿತದ ವ್ಯಾಪ್ತಿ) ಮೈಸೂರಿನಿಂದ 1940ರಲ್ಲಿ ಬೇರೆಯಾಯಿತು, 1953ರಲ್ಲಿ ಮಹಾಧರ್ಮಕ್ಷೇತ್ರವಾಯಿತು. ಕಟ್ಟಡದ ಗಾಂಭೀರ್ಯ, ನೆಮ್ಮದಿ, ವಾಹನ ನಿಲ್ಲಿಸುವ ಅನುಕೂಲ ಇವುಗಳಲ್ಲಿ ಅದೇ ಮುಂದು. ಬ್ರಿಗೇಡ್ ರಸ್ತೆ ಬಳಿಯ ಸಂತ ಪ್ಯಾಟ್ರಿಕ್ ದೇವಾಲಯವೂ ಚೆನ್ನ, ಐರಿಷ್ ಸೈನಿಕರ ಕಾಲದ ನೆನಪು ಅಲ್ಲಿದೆ. ಗುರುವಾರ ಮಾತ್ರ ವಿವೇಕನಗರದ ಬಾಲ ಯೇಸು ದೇವಾಲಯದ ಕಡೆ ಹೋಗುವ ಮುಂಚೆ ಯೋಚಿಸಿ, ಅವತ್ತು ಅಲ್ಲಿ ಜನಜಂಗುಳಿ. ಅದೇ ಗುರುವಾರ ಬೆಳಗ್ಗೆ ಶಿವಾಜಿನಗರದಲ್ಲಿ ಬೆಂಚು ಖಾಲಿ ಸಿಗುತ್ತದೆ.